ಅಜ್ಜಿ ಹಾಕೋ ಹೊಗೆ, ಗರ್ದೇಜ್‌ನ ಗಣಪ

ಪೀಜಿಯಲ್ಲಿ ನನ್ನ ರೂಮ್‌ಮೇಟ್ ಪಶ್ತೂನ್ ಹುಡುಗ, ಅಫ್ಘಾನಿಸ್ತಾನದ ಗರ್ದೇಜ್‌ನವ್ನು. ಪರೀಕ್ಷೆ ಹಿಂದಿನ ರಾತ್ರಿ ಹಳೇ ತವಾ ಕಾಯಿಸಿ ಒಂದು ಹಿಡಿ ಕಂದು ಕಾಳು ಹಾಕ್ದ, ಇಸ್ಪಂದ್ ಅಂತಾರಂತೆ, ಚಟಪಟ ಸಿಡಿದು ಘಾಟು ಹೊಗೆ ಬಂತು, ಅದನ್ನ ನನ್ನ ತಲೆ ಸುತ್ತ ಮೂರು ಸಲ ಆಡಿಸ್ದ. ಅಲ್ಲೋ, ನಮ್ಮಜ್ಜಿ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕ್ತಾಳಲ್ಲ, ಥೇಟ್ ಅದೇ! ಕೆಟ್ಟ ದೃಷ್ಟಿ ಅವ್ರಿಗೂ ಉಂಟು. ಅದಕ್ಕೆ ಅವ್ನು, ನಮ್ಮಜ್ಜಿನೂ ಹಿಂಗೇ ಮಾಡೋದು, ಇಸ್ಲಾಂ ಬರೋಕೂ ಮುಂಚಿಂದು ಅಂತಾರೆ ಅಂದ.

ಅವತ್ತಿಂದ ನಂಗೆ ಹುಚ್ಚು ಹಿಡೀತು, ಓದೋದು ಬಿಟ್ಟು ಇಸ್ಲಾಂಗಿಂತ ಮುಂಚೆ ಅವ್ರ ಕಡೆ ಏನಿತ್ತು ಅಂತಾನೇ ಹುಡುಕ್ತಾ ಕೂತೆ. ವಾಟ್ಸಾಪಲ್ಲಿ ಬರುತ್ತಲ್ಲ, ಅಫ್ಘಾನಿಸ್ತಾನದಲ್ಲಿ ಮುಂಚೆ ಎಲ್ಲಾ ಹಿಂದೂಗಳೇ ಇದ್ರು, ಗಾಂಧಾರಿ ಊರೇ ಕಂದಹಾರ್ ಅಂತ, ಅಷ್ಟು ಸಲೀಸಾಗಿಲ್ಲ ಮಾರಾಯ್ರೇ. ಗಾಂಧಾರ ಇದ್ದಿದ್ದು ಈಗಿನ ಪಾಕಿಸ್ತಾನದ ಪೇಶಾವರ ಕಡೆ. ಅಲ್ಲೆಲ್ಲಾ ಬೌದ್ಧ ವಿಹಾರಗಳು, ಮರ್ದಾನ್ ಹತ್ರ ತಖ್ತ್-ಇ-ಬಾಹಿ ಈಗ್ಲೂ ನಿಂತಿದೆ.

ನಂಗೆ ತಲೆಯಲ್ಲಿ ಕೂತಿದ್ದು ಝೂನ್ ಅನ್ನೋ ದೇವ್ರು. ಇವತ್ತಿನ ದಕ್ಷಿಣ ಅಫ್ಘಾನಿಸ್ತಾನದ ಹೆಲ್ಮಂದ್ ಕಡೆ ಝಮೀನ್‌ದಾವರ್‌ನಲ್ಲಿ ಗುಡಿ ಇತ್ತು. ಏಳನೇ ಶತಮಾನದಲ್ಲಿ ಬಂದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಬರ್ದಿದ್ದಾನೆ, ಜನ ದೂರದಿಂದ ಬಂದು ಚಿನ್ನ ಬೆಳ್ಳಿ ಕುರಿ ಕುದುರೆ ಎಲ್ಲಾ ಕೊಡ್ತಿದ್ರಂತೆ. ಸುಮಾರು 653ರಲ್ಲಿ ಅರಬ್ ದಂಡನಾಯಕ ಇಬ್ನ್ ಸಮುರಾ ಬಂದು ಚಿನ್ನದ ಮೂರ್ತಿಯ ಕೈ ಮುರ್ದು ಮಾಣಿಕ್ಯದ ಕಣ್ಣು ಕಿತ್ತ. ಆಮೇಲೆ ಮಾಡಿದ್ದೇ ಮಜಾ, ಅಲ್ಲಿನ ಅಧಿಕಾರಿಗೆ ಚಿನ್ನ ರತ್ನ ಎಲ್ಲಾ ನೀನೇ ಇಟ್ಕೋ, ಇದ್ರಿಂದ ಒಳ್ಳೇದೂ ಆಗಲ್ಲ ಕೆಟ್ಟದ್ದೂ ಆಗಲ್ಲ ಅಂತ ತೋರಿಸ್ಬೇಕಿತ್ತು ಅಷ್ಟೇ ಅಂದನಂತೆ. ಲೂಟಿಗೆ ಬಂದವ್ನು ಲೂಟಿ ವಾಪಸ್ ಕೊಟ್ಟು ಹೋಗೋದಾ!

ಹುಡುಕ್ತಾ ಹುಡುಕ್ತಾ ಗರ್ದೇಜ್‌ದೇ ಒಂದು ಸಿಕ್ತು. ಅಮೃತಶಿಲೆಯ ಗಣಪ, ಪೀಠದ ಮೇಲೆ ಖಿಂಗಲ ಅನ್ನೋ ಶಾಹಿ ರಾಜ ಮಹಾವಿನಾಯಕನ ಪ್ರತಿಷ್ಠೆ ಮಾಡ್ಸಿದ್ದು ಅಂತ ಸಂಸ್ಕೃತದಲ್ಲಿದೆ. ಆಮೇಲೆ ಕಾಬೂಲಿಗೆ ತಂದು ಅಲ್ಲಿನ ಹಿಂದೂಗಳು ಪೂಜೆ ಮಾಡ್ತಿದ್ರು. ರೂಮ್‌ಮೇಟ್‌ಗೆ ಫೋಟೋ ತೋರಿಸ್ದೆ. ಝೂಮ್ ಮಾಡಿ ಮಾಡಿ ನೋಡಿ, ಇದು ನಮ್ಮೂರಿಂದಾ, ಈ ಹಾವು ಯಾಕೆ ಮೈಮೇಲೆ ಅಂದ. ಜನಿವಾರ ಕಣೋ ಅಂದೆ, ಅರ್ಥ ಆಗ್ಲಿಲ್ಲ. ಕಡುಬು ತಿಂದು ಹೊಟ್ಟೆ ಒಡೆದು ಹಾವು ಬಿಗ್ಕೊಂಡ ಕತೆ ಹೇಳ್ದೆ, ಚಂದ್ರ ನಗೋ ಜಾಗಕ್ಕೆ ಬರೋಷ್ಟ್ರಲ್ಲಿ ಅವ್ನೇ ಬಿದ್ದು ಬಿದ್ದು ನಗ್ತಿದ್ದ.