ಇರುಂಗಾಟ್ಟುಕೋಟ್ಟೈ ರೇಸ್‌ಗೆ ಕ್ಯಾಮೆರಾ ಹಿಡಿದು ಹೋಗುವವರಿಗೆ

ಕಾರ್ ರೇಸ್ ನಡೆಯುವ ಈ ಟ್ರ್ಯಾಕ್ ಇರುವುದು ಚೆನ್ನೈ ಊರೊಳಗಲ್ಲ. ಬೆಂಗಳೂರಿನಿಂದ ಹೋಗುವಾಗ ಶ್ರೀಪೆರಂಬುದೂರು ದಾಟಿ ಸ್ವಲ್ಪ ಮುಂದೆ ಸಿಗುತ್ತದೆ. "ಅಲ್ಲೇ ಇಳಿಸ್ತೀವಿ ಸಾರ್" ಅಂದಿದ್ದ ಖಾಸಗಿ ಬಸ್ಸಿನವನು ಬೆಳಗಿನ ಜಾವ ನನ್ನನ್ನು ಎಬ್ಬಿಸಲೇ ಇಲ್ಲ. ಎಚ್ಚರವಾದಾಗ ಪೂನಮಲ್ಲಿ. ವಾಪಸ್ ಬರಲು ಆಟೋಗೆ 500 ರೂಪಾಯಿ ಹೋಯಿತು. ಯಾರ ಮಾತೂ ನಂಬಬೇಡಿ, ಮೊಬೈಲ್‌ನಲ್ಲಿ ಅಲಾರಂ ಇಟ್ಟು ಮಲಗಿ.

ಹೋದ ವರ್ಷ ಟಿಕೆಟ್ ತೆಗೆದುಕೊಂಡು ಹೋಗಿದ್ದೆ. ಈ ಸಲ ನಾನು ಫೋಟೋ ಕೊಡುವ ಪತ್ರಿಕೆಯಿಂದ ಪತ್ರ ಬರೆಸಿ, ಮೀಡಿಯಾ ಪಾಸ್ ಪಡೆದೆ. ಪಾಸ್ ಇದ್ದರೆ ಎಲ್ಲಿ ಬೇಕಾದರೂ ನಿಲ್ಲಬಹುದು ಅಂದುಕೊಂಡಿದ್ದೆ. ಹಾಗಿಲ್ಲ. ಏನಾದರೂ ಆದರೆ ನಾನೇ ಹೊಣೆ ಅಂತ ಸಹಿ ಹಾಕಬೇಕು, ಬಣ್ಣದ ಜಾಕೆಟ್ ತೊಡಬೇಕು, ಟ್ರ್ಯಾಕ್ ಬದಿಯಲ್ಲಿ ಸುರಕ್ಷತೆ ನೋಡಿಕೊಳ್ಳುವ ಮಾರ್ಷಲ್ "ಪಕ್ಕಕ್ಕೆ ಹೋಗಿ" ಅಂದರೆ ತಕ್ಷಣ ಹೋಗಬೇಕು. ಅದು ಸರಿಯಾದದ್ದೇ, ಕಾರು ಜಾರಿದರೆ ನೇರ ನಮ್ಮ ಕಡೆಗೇ ಬರುತ್ತದೆ. ಟ್ರ್ಯಾಕ್ 3.7 ಕಿಲೋಮೀಟರ್. ಒಂದು ತಿರುವಿನಿಂದ ಇನ್ನೊಂದಕ್ಕೆ ಬಿಸಿಲಲ್ಲಿ ನಡೆಯುವಷ್ಟರಲ್ಲಿ ಚಿಕ್ಕ ರೇಸ್ ಮುಗಿದೇ ಹೋಗಿರುತ್ತದೆ. ನೆರಳೂ ಇಲ್ಲ.

ಆದರೆ ಪಿಟ್, ಅಂದರೆ ಕಾರು ನಿಲ್ಲಿಸಿ ಸಿದ್ಧಪಡಿಸುವ ಜಾಗದ ಒಳಗೆ, ಹೆಲ್ಮೆಟ್ ತೆಗೆದ ಹುಡುಗನ ಬೆವರಿದ ಮುಖ ಸಿಕ್ಕಿತು. ಅದು ಪಾಸ್ ಇಲ್ಲದೆ ಸಿಗುವುದಿಲ್ಲ.

ಓಡುವ ಕಾರಿನ ಫೋಟೋ ಮಾತ್ರ ಬೇಕಿದ್ದರೆ ಟಿಕೆಟ್ ಸಾಕು. ಪ್ರೇಕ್ಷಕರ ಸ್ಟ್ಯಾಂಡಿನ ಮೇಲಿನ ಸಾಲಿಗೆ ಹೋಗಿ, ಬೇಲಿ ಕೆಳಗೆ ಉಳಿಯುತ್ತದೆ. ಕೆಳಗೇ ನಿಂತಿದ್ದರೆ ಲೆನ್ಸನ್ನು ಬೇಲಿಯ ತಂತಿಗೆ ಆದಷ್ಟು ಹತ್ತಿರ ತನ್ನಿ, ಅಪರ್ಚರ್ (ಲೆನ್ಸಿಗೆ ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆಯಿರಿ, ಜೂಮ್ ಜಾಸ್ತಿ ಮಾಡಿ. ತಂತಿ ಮಸುಕಾಗಿ ಮಾಯವಾಗುತ್ತದೆ. ಆಟೋಫೋಕಸ್ ತಂತಿಯನ್ನೇ ಹಿಡಿಯುತ್ತಿದ್ದರೆ, ಕಾರು ಹಾದುಹೋಗುವ ಜಾಗಕ್ಕೆ ಮೊದಲೇ ಕೈಯಿಂದ ಫೋಕಸ್ ಮಾಡಿಡಿ. ಶಟರ್ ವೇಗ 1/2000 ಸೆಕೆಂಡ್ ಇಟ್ಟರೆ ಚಕ್ರ ನಿಂತುಬಿಡುತ್ತದೆ, ಪಾರ್ಕ್ ಮಾಡಿದ ಕಾರಿನ ಹಾಗೆ. ಓಟ ಕಾಣಬೇಕಾದರೆ 1/125 ಇಟ್ಟು ಕಾರಿನ ಜೊತೆಗೇ ಸೊಂಟದಿಂದ ತಿರುಗಿ. ನನಗೆ ನೂರರಲ್ಲಿ ಐದಾರು ಸರಿ ಬಂದವು. ಅಷ್ಟೇ ಸಂತೋಷ.

ತಿಂಡಿಗೆ ಟ್ರ್ಯಾಕಿನ ಒಳಗೆ ಕಾಯಬೇಡಿ. ಶ್ರೀಪೆರಂಬುದೂರಿನಲ್ಲಿ ಫ್ಯಾಕ್ಟರಿ ಹುಡುಗರು ತಿನ್ನುವ ಒಂದು ಚಿಕ್ಕ ಮೆಸ್ಸಿದೆ. ಬೆಳಿಗ್ಗೆ ಆರಕ್ಕೇ ಇಡ್ಲಿ ಮತ್ತು ವಡೆಕರಿ. ವಡೆಕರಿ ಅಂದರೆ ಕಡಲೆಬೇಳೆಯ ವಡೆಯನ್ನು ಪುಡಿಮಾಡಿ ಮಸಾಲೆಯಲ್ಲಿ ಕುದಿಸಿದ್ದು. ನಮ್ಮ ಕಡೆ ಸಿಗುವುದು ಅಪರೂಪ. ಮೆತ್ತಗಿನ ಇಡ್ಲಿ ಅದನ್ನು ಹೀರಿಕೊಳ್ಳುತ್ತದಲ್ವಾ, ಆಗ ರುಚಿ. ಬಡಿಸುವ ಅಮ್ಮ ಕೇಳದೆಯೇ ಇನ್ನೊಂದು ಸೌಟು ಹಾಕಿದರು. ಕಾಫಿ ಸೇರಿ 60 ರೂಪಾಯಿ. ಇದ್ದ ಎರಡೂ ದಿನ ಅಲ್ಲೇ ತಿಂದೆ.

ಎರಡು ಲೀಟರ್ ನೀರು, ಟೋಪಿ, ಕಿವಿಗೆ ಇಯರ್‌ಪ್ಲಗ್ ಒಯ್ಯಿರಿ.