ಏಡಿ ವಡೆ ಅಂತಲೇ ಕರೆಯೋಣ

ಭಾನುವಾರ ಮಂಡ್ಯದ ಮನೆಯಲ್ಲಿ ಏಡಿ ಸಾರಿಗೆ ರಜೆ. ಕ್ರ್ಯಾಬ್ ಕೇಕ್ ಮಾಡಿದೆ. ಅಮೆರಿಕದ ಮೇರಿಲ್ಯಾಂಡ್ ಕಡೆ ಬಹಳ ಫೇಮಸ್ಸು. ಹೆಸರಿಗೆ ಕೇಕ್, ನೋಡೋಕೆ ನಮ್ಮ ವಡೆನೇ.

ಒಂದು ಕೆಜಿ ಸಮುದ್ರದ ಏಡಿ ಬೇಯಿಸಿ ಬಿಡಿಸಿದರೆ ಸಿಕ್ಕಿದ್ದು ಒಂದೇ ಬಟ್ಟಲು ಮಾಂಸ. ಅದಕ್ಕೆ ಮುಕ್ಕಾಲು ಗಂಟೆ! ದಪ್ಪ ಕಾಲು ಒಡೆಯೋಕೆ ಅಜ್ಜಿಯ ಅಡಕತ್ತರಿಯೇ ಬೇಕಾಯಿತು. ಬ್ರೆಡ್ ಪುಡಿ ಬದಲು ಹುರಿಗಡಲೆ ಪುಡಿ, ಒಂದು ಮೊಟ್ಟೆ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ. ಕರಿಯಲಿಲ್ಲ, ಕಾವಲಿ ಮೇಲೆ ಎರಡು ಚಮಚ ಎಣ್ಣೆ ಅಷ್ಟೇ. ಮೊದಲನೆಯದು ತಿರುವಿ ಹಾಕುವಾಗ ಪುಡಿಪುಡಿ. ಉಳಿದದ್ದನ್ನು ತಟ್ಟಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟೆ, ಆಮೇಲೆ ಸರಿಯಾಗಿ ನಿಂತವು. ನಂಚಿಕೊಳ್ಳೋಕೆ ಮಯೋನೀಸ್ ಬೇಡ ಅಂತ ನೀರು ಬಸಿದ ಮೊಸರು, ಬೆಳ್ಳುಳ್ಳಿ, ಕಾಳುಮೆಣಸು, ನಿಂಬೆರಸ.

ಅಮ್ಮ ಒಂದು ತಿಂದು, "ಚೆನ್ನಾಗೈತೆ ಕಣವ್ವ, ಆದ್ರೆ ಕಾಲು ಚೀಪೋದು ಎಲ್ಲಿ?" ಅಂದರು.

ಅದೂ ನಿಜ ಅಲ್ವಾ. ಚಿಕ್ಕವರಿದ್ದಾಗ ನಾಲೆಗೆ ನೀರು ಬಿಟ್ಟರೆ ಗದ್ದೆ ಬದುವಿನ ಬಿಲಕ್ಕೆ ಕೈ ಹಾಕಿ ಏಡಿ ಹಿಡಿಯುತ್ತಿದ್ದೆವು. ಕಚ್ಚಿಸಿಕೊಂಡು ಅಳುತ್ತಲೇ ಸಾರಿಗೆ ಕಾಯುತ್ತಿದ್ದೆವು. ಬಿಡಿಸೋಕೆ ಎಷ್ಟು ಹೊತ್ತಾಯಿತು ಅಂತ ಆಗ ಯಾರು ನೋಡಿದ್ದರು?

ಚಿಪ್ಪುಗಳನ್ನು ಎಸೆದಿಲ್ಲ. ಜಜ್ಜಿ ರಾತ್ರಿ ಸಾರಿಗೆ ಹಾಕಿದ್ದಾರೆ ಅಮ್ಮ.