ಸ್ಕ್ರೀನಿಂಗ್ ಪರೀಕ್ಷೆ ರೋಗನಿರ್ಣಯವಲ್ಲ
ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಕನ್ನಡಿಗರ ಬಳಗ ನಡೆಸಿದ ಆರೋಗ್ಯ ಶಿಬಿರದಲ್ಲಿ, ಸಿಹಿ ಚಹಾ ಕುಡಿದು ಬಂದಿದ್ದ ಹಿರಿಯರೊಬ್ಬರು ಗ್ಲೂಕೋಮೀಟರಿನ ಅಂಕಿ ನೋಡಿ ತಮಗೆ ಸಕ್ಕರೆ ಕಾಯಿಲೆ ಬಂದೇ ಬಿಟ್ಟಿತೆಂದು ಕಂಗಾಲಾದರು. ಸ್ಕ್ರೀನಿಂಗ್ ಎಂಬುದು ಮುಂದಿನ ಪರೀಕ್ಷೆ ಯಾರಿಗೆ ಬೇಕೆಂದು ಗುರುತಿಸುವ ಕ್ರಮ ಮಾತ್ರ. ಉಪವಾಸದ ರಕ್ತಪರೀಕ್ಷೆಯನ್ನೋ, ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ ತೋರಿಸುವ ಎಚ್‌ಬಿಎ1ಸಿಯನ್ನೋ ಅಂಥದೇ ಬೇರೆ ಪರೀಕ್ಷೆಯನ್ನೋ ಮಾಡಿಸದೆ ಯಾವ ತೀರ್ಮಾನಕ್ಕೂ ಬರಲಾಗದು.

ಲೆಕ್ಕವನ್ನೇ ನೋಡೋಣ. 1,000 ಜನರಲ್ಲಿ 10 ಮಂದಿಗೆ ಒಂದು ರೋಗವಿದೆ ಎಂದುಕೊಳ್ಳಿ. ರೋಗವಿದ್ದವರಲ್ಲಿ ಶೇಕಡಾ 90ರಷ್ಟು ಮಂದಿಯನ್ನು ಪತ್ತೆಹಚ್ಚುವ, ರೋಗವಿಲ್ಲದವರಲ್ಲಿಯೂ ಶೇಕಡಾ 90ರಷ್ಟು ಮಂದಿಗೆ ಸರಿಯಾದ ಉತ್ತರ ಕೊಡುವ ಪರೀಕ್ಷೆಯು 9 ರೋಗಿಗಳ ಜೊತೆಗೆ 99 ಆರೋಗ್ಯವಂತರನ್ನೂ ಪಾಸಿಟಿವ್ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲಿ ಪ್ರಕಟಿಸಿದ ವಿಲ್ಸನ್ ಮತ್ತು ಯುಂಗ್ನರ್ ಅವರ ಸ್ಕ್ರೀನಿಂಗ್ ಮಾನದಂಡಗಳು, ಮುಂದಿನ ರೋಗನಿರ್ಣಯಕ್ಕೂ ಚಿಕಿತ್ಸೆಗೂ ಸೌಲಭ್ಯವಿರಬೇಕೆಂದು ಹೇಳುವುದು ಇದಕ್ಕಾಗಿಯೇ ಮಹತ್ವದ್ದು.

ಶಾಲೆಯ ವಿಷಯ ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುವ ಮಗುವಿಗೆ ಇಂಗ್ಲಿಷಿನ ನಾಲ್ಕು ಸಾಲು ಓದಿಸಿ, ತಡವರಿಸಿದ ಮಾತ್ರಕ್ಕೆ ಓದುವ ಕಲಿಕೆಯ ತೊಂದರೆಯಾದ ಡಿಸ್‌ಲೆಕ್ಸಿಯಾ ಎಂದು ಶಂಕಿಸುವುದು ಅನ್ಯಾಯ. ಉದ್ಯೋಗದಲ್ಲಿಯೂ ಅಷ್ಟೇ: ಸಿಗ್ನಲ್ ನೋಡಬೇಕಾದ ರೈಲು ಚಾಲಕರಿಗೆ ಬಣ್ಣಗುರುಡನ್ನು ಗುರುತಿಸುವ ಇಶಿಹಾರಾ ಪರೀಕ್ಷೆ ಅಗತ್ಯ, ಬಣ್ಣದ ಗೊಡವೆಯೇ ಇಲ್ಲದ ಗುಮಾಸ್ತಿಕೆಗೆ ಅದರ ಆಧಾರದಲ್ಲಿ ಯಾರನ್ನೂ ನಿರಾಕರಿಸಬಾರದು.